ರಾಹುಕಾಲ ಪಾಲಿಸುವ ರೌಟರ್

ದುರ್ಗದಬೈಲಿನಲ್ಲಿ ನನ್ನದೊಂದು ಭಾಂಡೆ ಅಂಗಡಿ. ಸ್ಟೀಲು, ಹಿತ್ತಾಳೆ, ತಾಮ್ರದ ಪಾತ್ರೆಗಳ ವ್ಯಾಪಾರ. ಒಂದು ಪಾತ್ರೆಯನ್ನು ಅಂಗೈ ಮೇಲಿಟ್ಟು ತೂಕ ನೋಡಿ, ಬೆರಳ ಗೆಣ್ಣಿನಿಂದ ಒಮ್ಮೆ ಬಡಿದರೆ ಸಾಕು, ಅದರ ಜಾತಕವನ್ನೇ ಹೇಳಬಲ್ಲೆ ಎಂಬ ಜಂಬ ನನಗೆ ಮೊದಲಿನಿಂದಲೂ ಇದೆ. ಎರಡು ಸಾವಿರದ ದಶಕ ಮುಗಿಯುತ್ತ ಬಂದಾಗ ಮನೆಗೊಂದು ರೌಟರ್ ಕೊಳ್ಳುವ ಪ್ರಸಂಗ ಬಂತು. ಅದನ್ನೂ ಹೀಗೇ ಬಡಿದು ನೋಡಿ ತಂದುಬಿಡುತ್ತೇನೆ ಎಂದುಕೊಂಡಿದ್ದೆ. ಆ ವಾರದ ಗಡಿಬಿಡಿ, ಆ ವಾರದ ಉಮೇದು ನಮ್ಮ ಮನೆಯ ಮದುವೆಗಳಲ್ಲೂ ನಾನು ಕಂಡಿರಲಿಲ್ಲ.

ಇದಕ್ಕೆಲ್ಲ ಕಾರಣ ಮಗಳು, ಮಗಳಿಗೆ ಅಂಟಿದ ಚೆಸ್ಸು. ಅಂಟಿಸಿದವರು ನಾವೇ. ಅದಕ್ಕೆ ಕೆಲವು ವರ್ಷ ಮೊದಲು ನಮ್ಮ ಪೇಟೆ ಮಧ್ಯಾಹ್ನ ಊಟವಾದ ಮೇಲೆ ಕಣ್ಣು ಮುಚ್ಚಿಬಿಡುತ್ತಿತ್ತು. ಗಿರಾಕಿ ಇಲ್ಲ, ಗದ್ದಲವಿಲ್ಲ. ಅರ್ಧ ಮಂದಿ ಮನೆಗೆ ಹೋಗಿ ಮಲಗಿದರೆ, ನಿದ್ದೆ ಬಾರದ ನಾವು ನಾಲ್ಕಾರು ಜನ ವ್ಯಾಪಾರಸ್ಥರು ನನ್ನ ಅಂಗಡಿಯ ಕಟ್ಟೆಯ ಮೇಲೆ ಹಾಸು ಬಿಚ್ಚಿ ಕುದುರೆ, ಆನೆ, ಒಂಟೆ ಓಡಿಸುತ್ತಿದ್ದೆವು. ಸೂಟಿಯಲ್ಲಿ ಮಗಳು ಬುತ್ತಿಯ ಡಬ್ಬಿ ಹಿಡಿದುಕೊಂಡು ಬಂದವಳು ಅಲ್ಲೇ ಕೂತು ನೋಡುತ್ತಿದ್ದಳು. ಆಮೇಲೆ ಆಡತೊಡಗಿದಳು. ಆಮೇಲೆ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ಸೋಲಿಸಿದಳು. ಎದುರಿನ ಅರಿವೆ ಅಂಗಡಿಯ ಮಾಲೀಕರು ಅವಳ ಕೈಯಲ್ಲಿ ಸೋತು, ಸಿಟ್ಟಿಗೆದ್ದು, ಒಂದು ವಾರ ನನ್ನ ಕಟ್ಟೆ ಹತ್ತಲಿಲ್ಲ. ನನಗಂತೂ ಹೊಟ್ಟೆ ತುಂಬಿದಷ್ಟು ಖುಷಿ.

ಒಂಬತ್ತನೇ ಇಯತ್ತೆಗೆ ಬರುವ ಹೊತ್ತಿಗೆ ಅವಳಿಗೆ ಸರಿಸಾಟಿಯಾಗಿ ಆಡುವವರು ನಮ್ಮ ಬಳಗದಲ್ಲಿ ಯಾರೂ ಉಳಿಯಲಿಲ್ಲ. ಕೇಶ್ವಾಪುರದ ನಮ್ಮ ಮನೆಯ ಹತ್ತಿರದ ಸೈಬರ್ ಕೆಫೆಗೆ ಹೋಗಿ, ಕಾಣದ ಊರಿನ ಜನರ ಜೊತೆ ಕಂಪ್ಯೂಟರಿನಲ್ಲಿ ಆಡತೊಡಗಿದಳು. ನನ್ನ ಹೆಂಡತಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಸಂಜೆ ಮಗಳ ಪಕ್ಕ ಕುರ್ಚಿ ಹಾಕಿಕೊಂಡು, ಮಕ್ಕಳ ಪೇಪರು ತಿದ್ದುತ್ತ ಕಾವಲು ಕೂಡುತ್ತಿದ್ದಳು. ಕಂಪ್ಯೂಟರಿನ ಆ ಆಟದಲ್ಲಿಯೇ ಚೆನ್ನೈ ಕಡೆಯ ನಿವೃತ್ತ ತರಬೇತುದಾರರೊಬ್ಬರು ಮಗಳ ಆಟ ಕಂಡರು. ಹೆಂಡತಿ ಅವರಿಗೆ ಫೋನು ಮಾಡಿ, ಅವರ ಹೆಂಡತಿಯ ಜೊತೆಗೂ ಮಾತಾಡಿ, ಮನುಷ್ಯರು ಸಂಭಾವಿತರು ಎಂದು ಖಾತ್ರಿ ಮಾಡಿಕೊಂಡಳು. ಅವರು ಹೇಳಿದ್ದು ಇಷ್ಟು: ಹುಡುಗಿಯ ಆಟದಲ್ಲಿ ಕಸುವಿದೆ, ಆದರೆ ಆಟದ ನಡುವೆಯೇ ಮಾಯವಾಗುತ್ತಾಳೆ. ಮನೆಯಲ್ಲಿ ಗಟ್ಟಿಯಾದ ಸಂಪರ್ಕ ಮಾಡಿಕೊಂಡು ತಮ್ಮ ಜೊತೆ ಒಂದು ದೊಡ್ಡ ಆಟ ಆಡಲಿ. ಕೊನೆಯವರೆಗೂ ಕೂತು ಆಡಿದರೆ ಶಿಷ್ಯೆಯಾಗಿ ತೆಗೆದುಕೊಳ್ಳುವ ವಿಚಾರ ಮಾಡೋಣ.

ಮಾಯವಾಗುತ್ತಿದ್ದದ್ದು ಮಗಳಲ್ಲ, ಕೆಫೆಯ ಲೈನು. ಗೆಲ್ಲುವ ಆಟಗಳು ಎಷ್ಟೋ ಸಲ ಹಾಗೆ ನಡುವೆ ಕಡಿದು ಸೋಲಾಗಿದ್ದವು. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಯಾರದೋ ಹರಕು ತಂತಿಯಿಂದಾಗಿ ನನ್ನ ಮಗಳು ಕಲಿಸುವವರನ್ನು ಕಳೆದುಕೊಳ್ಳಬೇಕೇ? ಅವತ್ತೇ ಊಟದ ಹೊತ್ತಿಗೆ ಘೋಷಿಸಿಬಿಟ್ಟೆ.

"ಮನ್ಯಾಗ ಇಂಟರ್ನೆಟ್ ಹಾಕಸ್ತೇನಿ. ಅದೂ ಫಾಸ್ಟ್ ಇರೋದು. ಊರಾಗ ಯಾರ ಮನ್ಯಾಗೂ ಇರಬಾರ್ದು, ಅಂಥಾದ್ದು."

ನಮ್ಮ ಟೆಲಿಫೋನು ಪಡಸಾಲೆಯಲ್ಲಿತ್ತು. ಅಲ್ಲೇ ಅವ್ವನ ಟಿ.ವಿ., ಅವ್ವನ ಧಾರಾವಾಹಿ, ಅವ್ವನ ಗೆಳತಿಯರು. ಮಗಳು ಆಡಬೇಕಾದದ್ದು ಮೇಲಿನ ಖೋಲಿಯಲ್ಲಿ. ತಂತಿ ಎಳೆಯಬೇಕೆಂದರೆ ದೇವರ ಖೋಲಿಯ ಗೋಡೆಗೆ ತೂತು ಹೊಡೆಯಬೇಕು. ಅಮ್ಮಿನಬಾವಿಯ ಒಕ್ಕಲು ಮನೆತನದಲ್ಲಿ ಹುಟ್ಟಿ ಬೆಳೆದ ನನ್ನವ್ವ, "ದೇವರ ಬೆನ್ನಿಗೆ ಡ್ರಿಲ್ ಹಚ್ಚಾಕ ಬಂದ್ರ ನಾ ಅಲ್ಲೇ ಅಡ್ಡ ಮಲಗ್ತೇನಿ ನೋಡು" ಎಂದಳು. ಹೇಳಿದಂತೆ ಮಾಡುವ ಹೆಂಗಸು ಅವಳು. ಹೀಗಾಗಿ ತಂತಿ ಇಲ್ಲದೆ ಗಾಳಿಯಲ್ಲೇ ಸಾಗುವ ಸಂಪರ್ಕ, ಅದಕ್ಕೊಂದು ರೌಟರ್ ಎಂದು ತೀರ್ಮಾನವಾಯಿತು.

ಆದರೆ ಹೆಂಡತಿಯದೊಂದು ಷರತ್ತು ಇತ್ತು.

"ಕೀಲಿ ಇರೋದು ಬೇಕು. ಯಾವ ಹೊತ್ತಿಗೆ ನಡೀಬೇಕು, ಯಾವ ಹೊತ್ತಿಗೆ ಬಂದ್ ಆಗಬೇಕು, ಏನು ತೆರೀಬೇಕು, ಏನು ತೆರೀಬಾರ್ದು, ಎಲ್ಲಾ ನಮ್ಮ ಕೈಯಾಗ ಇರಬೇಕು. ಕೀಲಿ ಇಲ್ಲದ್ದು ತಂದ್ರ ಅದರ ಜೋಡಿ ನೀವೂ ಹೊರಗ ಇರ್ರಿ."

ಮರುದಿನ ಮಧ್ಯಾಹ್ನ ಮೂವರೂ ನನ್ನ ಅಂಗಡಿಯ ಹಿಂದಿನ ಓಣಿಯ ಕಂಪ್ಯೂಟರ್ ಅಂಗಡಿಗೆ ಹೋದೆವು. ಮಾಲೀಕರು ಊಟ ಮಾಡಿ, ಕಂಪ್ಯೂಟರಿನಲ್ಲಿ ಇಂಟರ್ನೆಟ್ಟಿನ ಇಸ್ಪೀಟು ಆಡುತ್ತ ತೂಕಡಿಸುತ್ತಿದ್ದರು. ಗೋಣು ಎತ್ತದೆಯೇ ಎರಡು ಡಬ್ಬಿ ಮುಂದೆ ಸರಿಸಿದರು. ಒಂದಕ್ಕೆ ಎರಡು ಕೊಂಬು, ಮೈಯೆಲ್ಲ ಕಪ್ಪು, ನೋಡಿದರೆ ಗೂಳಿಯ ಠೀವಿ. ಇನ್ನೊಂದು ಬೆಳ್ಳಗೆ, ಒಂದೇ ಕೊಂಬು, ಬಡಪಾಯಿ.

"ಈ ಕರೀದು ಭಾಳ ಫಾಸ್ಟ್ ರೀ ಸಾಹುಕಾರ. ಹೊಸ ಮಾಲು. ಮ್ಯಾಲಿನ ಖೋಲಿ ಬಿಡ್ರಿ, ಮಗ್ಗಲ ಮನೀಗೂ ಮುಟ್ಟತೈತಿ."

ನಾನು ಕರಿಯದನ್ನು ಅಂಗೈ ಮೇಲಿಟ್ಟು ತೂಗಿದೆ. ಗಾಳಿಯಷ್ಟು ಹಗುರ. ಗೆಣ್ಣಿನಿಂದ ಬಡಿದೆ. ಪ್ಲಾಸ್ಟಿಕ್ ಟೊಕ್ ಎಂದಿತು, ಅಷ್ಟೇ. ಜೀವಮಾನದ ವಿದ್ಯೆಯೆಲ್ಲ ಒಂದು ಟೊಕ್‌ಗೆ ಮುಗಿದುಹೋಯಿತು. ಮಗಳು ನಕ್ಕಳು.

"ಪಪ್ಪಾ, ಅದು ಪಾತೇಲಿ ಅಲ್ಲ."

"ಕೀಲಿ ಐತೇನ್ರಿ ಇದಕ್ಕ?" ಹೆಂಡತಿ ಕೇಳಿದಳು.

"ಪೇರೆಂಟಲ್ ಕಂಟ್ರೋಲ್ ಅಂತೀರೇನ್ರಿ? ಅದು ಈ ಬಿಳೀದರಾಗ ಐತ್ರಿ. ಕರೀದರಾಗ ಇಲ್ಲ. ಕರೀದು ಸ್ಪೀಡಿಗೆ, ಬಿಳೀದು ಶಿಸ್ತಿಗೆ."

ಗಂಡ ಹೆಂಡತಿ ಅಲ್ಲೇ ಶುರು ಹಚ್ಚಿಕೊಂಡೆವು. ನಾನು ಸ್ಪೀಡು ಎಂದೆ, ಅವಳು ಶಿಸ್ತು ಎಂದಳು. ವೇಗವಿಲ್ಲದ ಶಿಸ್ತು ಎತ್ತಿನ ಗಾಡಿ ಎಂದು ನಾನು ಕೂಗಾಡಿದರೆ, ಅವಳು ಮೆಲ್ಲಗಿನ ದನಿಯಲ್ಲಿ, ಆದರೆ ಇಡೀ ಅಂಗಡಿಗೆ ಕೇಳುವಂತೆ, "ಬ್ರೇಕ್ ಇಲ್ಲದ ಸ್ಕೂಟರ್ ಮ್ಯಾಲೆ ಮಗಳನ್ನ ಕೂಡಸ್ತೀರೇನು?" ಎಂದಳು. ಅರಿವೆ ಅಂಗಡಿಯ ಮಾಲೀಕರೂ ಗದ್ದಲ ಕೇಳಿ ಬಂದು ಬಾಗಿಲಲ್ಲಿ ನಿಂತರು. ನಮ್ಮ ಪೇಟೆಯಲ್ಲಿ ಒಬ್ಬರು ಏನಾದರೂ ಕೊಳ್ಳುವಾಗ ಇನ್ನೊಬ್ಬರು ಬಂದು ಸಲಹೆ ಕೊಡದಿದ್ದರೆ ಸ್ನೇಹಕ್ಕೆ ಮೋಸ ಮಾಡಿದಂತೆ. ಅವರು ಎರಡೂ ಡಬ್ಬಿ ಹಿಂದೆ ಮುಂದೆ ನೋಡಿ, "ಕರೀದಕ್ಕ ದೃಷ್ಟಿ ತಾಗಂಗಿಲ್ಲ" ಎಂದರು.

ಕೊನೆಗೆ ಮಗಳೇ ಬಾಯಿ ಬಿಟ್ಟಳು.

"ಪಪ್ಪಾ, ನಮ್ಮ ನಳದಾಗ ನೀರು ಸಣ್ಣ ಧಾರಿ ಬರ್ತೈತಿ. ಕೆಳಗ ಕೊಡ ಇಟ್ಟರೂ ಅಷ್ಟ, ಹಂಡೆ ಇಟ್ಟರೂ ಅಷ್ಟ. ಟೆಲಿಫೋನ್ ಲೈನ್ಯಾಗ ಬರೋದು ಎಷ್ಟೋ ಅಷ್ಟೇ ಸ್ಪೀಡು. ನನಗ ಬೇಕಾಗಿದ್ದು ಮ್ಯಾಲಿನ ಖೋಲಿತನಾ ಮುಟ್ಟಬೇಕು, ನಡುವ ಕಡೀಬಾರ್ದು."

ಹಂಡೆ, ಕೊಡ ಎಂದ ಮೇಲೆ ನನಗೆ ತಿಳಿಯದೇ ಇರುತ್ತದೆಯೇ? ನನ್ನದೇ ಭಾಷೆ ಅದು. ಎರಡು ಕೊಂಬೂ ಇರಬೇಕು, ಕೀಲಿಯೂ ಇರಬೇಕು, ಅಂಥದ್ದು ತೆಗೆಯಿರಿ ಎಂದು ಗಂಟುಬಿದ್ದೆ. ಮಾಲೀಕರು ಗೊಣಗುತ್ತ ಏಣಿ ಹತ್ತಿ, ಅಟ್ಟದ ಮೇಲಿಂದ ಧೂಳು ಹಿಡಿದ ಮೂರನೆಯದೊಂದು ಡಬ್ಬಿ ಇಳಿಸಿದರು. ಹೆಂಡತಿ ಅದನ್ನು ಇಳಕಲ್ ಸೀರೆ ನೋಡುವಂತೆ ಪೂರ್ತಿ ಬಿಚ್ಚಿಸಿದಳು. ಅಷ್ಟಕ್ಕೇ ಬಿಡಲಿಲ್ಲ.

"ಕೀಲಿ ಹಾಕಿ ತೋರಸ್ರಿ."

"ಇಲ್ಲೇನ್ರಿ?"

"ಇಲ್ಲೇ. ನಿಮ್ಮ ಈ ಕಂಪ್ಯೂಟರಿಗೇ ಹಾಕ್ರಿ."

ಅವರು ತಮ್ಮ ಲೈನು ಅದಕ್ಕೆ ಸಿಕ್ಕಿಸಿ, ಏನೇನೋ ಒತ್ತಿ ಕೀಲಿ ಹಾಕಿದರು. ಪರದೆಯ ಮೇಲಿನ ಇಸ್ಪೀಟು ಅಲ್ಲಿಗೇ ನಿಂತಿತು. ಅವರು ಕೈಯಲ್ಲಿದ್ದ ಆಟ ಗೆಲ್ಲುವುದರಲ್ಲಿದ್ದರಂತೆ, ಮುಖ ಸಪ್ಪಗಾಯಿತು. ಹೆಂಡತಿಯ ಮುಖ ಅರಳಿತು.

"ಇದನ್ನ ಕಟ್ರಿ" ಎಂದಳು.

ಡಬ್ಬಿ ಹಿಡಿದು ಮನೆಗೆ ಬರುವಾಗ ನನಗೆ ಹಬ್ಬದ ಉಮೇದು. ದಾರಿಯಲ್ಲಿ ಸಿಕ್ಕವರಿಗೆಲ್ಲ ತೋರಿಸಿದೆ. ಪಡಸಾಲೆಯ ಟೆಲಿಫೋನಿನ ಪಕ್ಕ ಅದನ್ನು ಕೂಡಿಸಿ, ಮಗಳು ತಂತಿಗಳನ್ನು ಸಿಕ್ಕಿಸಿ, ಮೇಲಿನ ಖೋಲಿಗೆ ಓಡಿದಳು. ಹೆಂಡತಿಯ ಸಹೋದ್ಯೋಗಿಯೊಬ್ಬರಿಂದ ಕೊಂಡ ಹಳೆಯ ಲ್ಯಾಪ್‌ಟಾಪು ಅಲ್ಲಿತ್ತು. ಮೇಲಿಂದ ಅವಳ ಕಿರುಚಾಟ ಕೇಳಿತು.

"ಬಂತು! ಪಪ್ಪಾ, ಬಂತು! ಪೂರಾ ಬಂತು!"

ನಾನು ಮೆಟ್ಟಿಲು ಹತ್ತಿ, ಇಳಿದು, ಮತ್ತೆ ಹತ್ತಿದೆ. ಏನೂ ಕಾಣದ ಗಾಳಿಯಲ್ಲಿ ಅಷ್ಟು ದೂರದ ಚದುರಂಗದ ಹಾಸು ನಮ್ಮ ಮನೆಗೆ ಬಂದು ಕೂತಿತ್ತು. ನಾನು ಲ್ಯಾಪ್‌ಟಾಪು ಎತ್ತಿಕೊಂಡು ಹಿತ್ತಲಿಗೆ, ಬಚ್ಚಲಿಗೆ, ಅಟ್ಟಕ್ಕೆ ಹೋಗಿ ನೋಡಿದೆ. ಎಲ್ಲ ಕಡೆ ಬರುತ್ತಿತ್ತು. ಸಂತೋಷಕ್ಕೆ ಏನು ಮಾಡಬೇಕೋ ತಿಳಿಯದೆ ಎಲ್ಲರಿಗೂ ಮಿರ್ಚಿ ಭಜಿ ತರಿಸಿದೆ.

ಇನ್ನು ಕೀಲಿಯ ಪ್ರಶ್ನೆ. ಗುಪ್ತಪದ ಯಾರ ಹತ್ತಿರ ಇರಬೇಕು? ನನ್ನ ಹತ್ತಿರ ಇದ್ದರೆ ಮಗಳು ಮುಖ ಸಣ್ಣ ಮಾಡಿದ ಕೂಡಲೇ ತೆಗೆದುಕೊಡುತ್ತೇನೆ ಎಂದು ಹೆಂಡತಿಯ ವಾದ. ಅವಳ ಹತ್ತಿರ ಇದ್ದರೆ ಕಿರುಪರೀಕ್ಷೆ ಬಂದರೂ ತಿಂಗಳಗಟ್ಟಲೆ ಬಾಗಿಲು ಮುಚ್ಚುತ್ತಾಳೆ ಎಂದು ನನ್ನ ವಾದ. ನಮ್ಮ ಮನೆಯ ಕಪಾಟು, ಕಣಜ, ಸಂದೂಕ ಎಲ್ಲದರ ಕೀಲಿಕೈ ಗೊಂಚಲು ಇದ್ದದ್ದು ಅವ್ವನ ಸೊಂಟದಲ್ಲಿ. ಅದನ್ನು ನೋಡಿಯೇ ಮಗಳು ಅಜ್ಜಿಯ ಕಡೆ ಬೆರಳು ತೋರಿಸಿ ಹೇಳಿದಳು, "ಆಯಿ ಹಂತೇಕ ಇರ್ಲಿ."

ಅವ್ವನಿಗೆ ಇಂಗ್ಲಿಷ್ ಅಕ್ಷರ ಬಾರದು. ಆದರೆ ದಿನಾ ಬಾಗಿಲಲ್ಲಿ ರಂಗೋಲಿ ಹಾಕುವ ಬೆರಳು. ನಮ್ಮನ್ನೆಲ್ಲ ಹೊರಗೆ ಕಳಿಸಿ, ಕೀಲಿಮಣೆಯ ಗುಂಡಿಗಳ ಮೇಲೆ ಚುಕ್ಕಿ ಇಟ್ಟಂತೆ ಅದೇನೋ ಒಂದು ಸಾಲು ಒತ್ತಿದಳಂತೆ. ಯಂತ್ರ ಅದನ್ನೇ ಇನ್ನೊಮ್ಮೆ ಒತ್ತಲು ಕೇಳುತ್ತದೆಂದು ಮಗಳು ಬಾಗಿಲಾಚೆಯಿಂದ ಹೇಳಿದಾಗ, ಇನ್ನೊಮ್ಮೆ ಒತ್ತಿದಳು. ತಾಳೆಯಾಯಿತು. ಅವಳ ಬೆರಳು ತಪ್ಪುವುದೇ ಇಲ್ಲ.

ಆಮೇಲೆ ಪರದೆಯ ಮೇಲೆ ಒಂದು ಕೋಷ್ಟಕ ತೆರೆಯಿತು. ಎಡಕ್ಕೆ ವಾರದ ಏಳು ದಿನಗಳು, ಮೇಲೆ ಗಂಟೆಗಳು. ಯಾವ ದಿನ ಯಾವ ಹೊತ್ತು ಬಂದ್ ಇರಬೇಕೋ ಆ ಚೌಕಕ್ಕೆ ಗುರುತು ಹಾಕಬೇಕು. ಹೆಂಡತಿ ಓದಿನ ಹೊತ್ತುಗಳನ್ನು ಹೇಳುತ್ತ ಹೋದಳು, ಮಗಳು ಗುರುತು ಹಾಕುತ್ತ ಹೋದಳು. ಅವ್ವ ಕನ್ನಡಕ ಏರಿಸಿ ಕೋಷ್ಟಕವನ್ನು ದಿಟ್ಟಿಸಿದಳು.

"ಯವ್ವಾ, ಇದು ಪಂಚಾಂಗ ಐತಲ್ಲ!"

ಅವಳ ಪಂಚಾಂಗದಲ್ಲಿ ರಾಹುಕಾಲ ಇರುವುದೂ ಹೀಗೆಯೇ, ದಿನಕ್ಕೊಂದು ಹೊತ್ತು. ಸೋಮವಾರ ಮುಂಜಾನೆ, ಶುಕ್ರವಾರ ಮಧ್ಯಾಹ್ನದ ಮುಂಚೆ, ರವಿವಾರ ಸಂಜೆ ಹೀಗೆ. ಆ ಹೊತ್ತಿನಲ್ಲಿ ಅವ್ವ ಹೊಸ ಕೊಡವನ್ನೂ ನಳಕ್ಕೆ ಇಡುವವಳಲ್ಲ.

"ಗಾಳ್ಯಾಗ ಹೊರಗಿಂದು ಮನ್ಯಾಗ ಬರ್ತೈತಿ ಅಂತೀರಿ. ರಾಹುಕಾಲದಾಗ ಬರೋದು ಬ್ಯಾಡ. ಅದನ್ನೂ ಬರಿ ಮಗಳ."

ಅಜ್ಜಿಯನ್ನು ಖುಷಿಪಡಿಸಲು ಮೊಮ್ಮಗಳು ಏಳೂ ದಿನದ ರಾಹುಕಾಲಕ್ಕೆ ಗುರುತು ಹಾಕಿಬಿಟ್ಟಳು. ನಾವೆಲ್ಲ ನಕ್ಕೆವು. ಜಗತ್ತಿನಲ್ಲಿ ರಾಹುಕಾಲ ಪಾಲಿಸುವ ರೌಟರ್ ಇದೊಂದೇ ಇರಬೇಕು ಎಂದು ನಾನು ಅಂಗಡಿಯಲ್ಲಿ ಸಾರಿದೆ. ಅವ್ವ ಓಣಿಯಲ್ಲಿ ಸಾರಿದಳು. ಎರಡು ದಿನದಲ್ಲಿ ಪಕ್ಕದ ಮನೆಯ ಕಾಕು ಬೇಲಿಯ ಆಚೆ ನಿಂತು ಕೂಗತೊಡಗಿದಳು, "ನಿಮ್ಮ ಇಂಟರ್ನೆಟ್ ಚಾಲೂ ಆತೇನ್ರಿ? ನಾ ಬ್ಯಾಂಕಿಗೆ ಹೊಂಡ್ಬೇಕಾಗೈತಿ!" ಪಂಚಾಂಗ ತೆಗೆದು ನೋಡುವ ಕಷ್ಟ ಅವಳಿಗೆ ತಪ್ಪಿತ್ತು.

ಆ ನಗೆ ಶುಕ್ರವಾರಕ್ಕೆ ನಿಂತುಹೋಯಿತು. ಚೆನ್ನೈನ ತರಬೇತುದಾರರಿಂದ ಮಗಳಿಗೆ ಸಂದೇಶ ಬಂತು. ರವಿವಾರ ಸಂಜೆ ಐದಕ್ಕೆ ಆಟ. ಬಿಳಿ ಕಾಯಿ ಅವಳದು. ಮಗಳು ಕುಣಿಯುತ್ತ ಮೆಟ್ಟಿಲು ಇಳಿದವಳು ಅರ್ಧಕ್ಕೇ ನಿಂತಳು. ರವಿವಾರದ ರಾಹುಕಾಲ ನಾಲ್ಕೂವರೆಗೆ ಹಿಡಿದು ಆರಕ್ಕೆ ಬಿಡುತ್ತದೆ.

ಬೇರೆ ಹೊತ್ತು ಆಗುತ್ತದೆಯೇ ಎಂದು ಅವಳು ಬರೆದು ಕೇಳಿದಳು. ಉಳಿದ ದಿನಗಳಲ್ಲಿ ನನ್ನಲ್ಲಿಗೆ ಬರುವ ಮಕ್ಕಳಿಗೆ ಕಲಿಸುತ್ತೇನೆ, ನನಗೆ ಬಿಡುವಿರುವುದು ಆ ಹೊತ್ತೊಂದೇ, ಆಗದಿದ್ದರೆ ಮುಂದಿನ ವರ್ಷ ನೋಡೋಣ ಎಂದು ಉತ್ತರ ಬಂತು. ಹದಿನಾಲ್ಕರ ಹುಡುಗಿಗೆ ಮುಂದಿನ ವರ್ಷ ಎಂದರೆ ಇಲ್ಲ ಎಂದೇ ಅರ್ಥ. ಅವಳ ಕಣ್ಣು ತುಂಬಿ ಬಂತು. ನಾನು ನೇರ ಅವ್ವನ ಮುಂದೆ ಹೋಗಿ ನಿಂತೆ.

"ಅವ್ವಾ, ಕೀಲಿ ತಗಿ."

"ತಗಿಯಂಗಿಲ್ಲ."

"ಹುಡುಗಿ ಬಾಳೇದ ಪ್ರಶ್ನಿ ಐತಿ!"

"ಅದಕ್ಕ ತಗಿಯಂಗಿಲ್ಲ. ಬಾಳೇದ ಕೆಲಸ ರಾಹುಕಾಲದಾಗ ಸುರು ಮಾಡ್ತಾರೇನೋ ಹುಚ್ಚಪ್ಪಾ? ಕೆಡಬೇಕು ಅಂತ ಮಾಡೀಯೇನು?"

ಅವ್ವನ ಮಾತಿನಲ್ಲಿ ಹಠವಿರಲಿಲ್ಲ, ಹೆದರಿಕೆ ಇತ್ತು. ಮೊಮ್ಮಗಳ ಮೇಲೆ ಜೀವ ಇಟ್ಟವಳು ಅವಳು. ಆಟವೆಂದರೆ ಆಟವೆಂದು ಬಿಟ್ಟಾಳು, ಆದರೆ ಮೊಮ್ಮಗಳಿಗೆ ಒಳ್ಳೆಯದಾಗುವ ಕೆಲಸವೆಂದು ನಾವೇ ಹೇಳಿದ್ದರಿಂದ ಅವಳು ಇನ್ನಷ್ಟು ಬಿಗಿಯಾದಳು. ನಾನು ದನಿ ಎತ್ತಿದೆ. ಅವಳು ಎದ್ದು ಒಳಗೆ ಹೋದಳು. ಹೆಂಡತಿಗೆ ಈಗ ಕೀಲಿ ಬೇಕೆಂದು ತಾನೇ ಹಟ ಹಿಡಿದದ್ದರ ಪೇಚು. "ಅತ್ತೀ, ಇದೊಂದು ಸಲ" ಎಂದು ಅಡಿಗೆಮನೆಯಲ್ಲಿ ಬೇಡಿಕೊಂಡು ಬಂದಳು. ಆಗಲಿಲ್ಲ.

ರೌಟರಿನ ಬೆನ್ನಿಗೆ ಒಂದು ಸಣ್ಣ ತೂತು ಇರುತ್ತದೆ, ಅದರಲ್ಲಿ ಪಿನ್ನು ತೂರಿ ಒತ್ತಿ ಹಿಡಿದರೆ ಕೀಲಿಗೀಲಿ ಎಲ್ಲ ಅಳಿಸಿ ಹೊಸದಾಗುತ್ತದೆ ಎಂದು ಕಂಪ್ಯೂಟರ್ ಅಂಗಡಿಯವರು ಹೇಳಿದ್ದರು. ಶನಿವಾರ ಸಂಜೆ ಅವ್ವ ಕಾಕುವಿನ ಮನೆಗೆ ಹೋದ ಹೊತ್ತು ನೋಡಿ, ನಾನು ಪಿನ್ನು ಹಿಡಿದು ರೌಟರಿನ ಹಿಂದೆ ಬಗ್ಗಿದೆ. ಒತ್ತಿಯೂ ಬಿಡುತ್ತಿದ್ದೆ. ಮಗಳು ಬಂದು ಕೈ ಹಿಡಿದಳು.

"ಬ್ಯಾಡ ಪಪ್ಪಾ."

"ನಿನಗ ಆಡೋದು ಬ್ಯಾಡೇನು?"

"ಬೇಕು. ಆದ್ರ ಆಯಿಗೆ ತಿಳೀಲಾರದಂಗ ಬ್ಯಾಡ. ನಾ ಅಲ್ಲಿ ಆಡ್ಕೋತ ಇದ್ರ, ಆಕಿ ಇಲ್ಲಿ ಬಂದ್ ಐತಿ ಅಂತ ತಿಳ್ಕೊಂಡು ಕೂತಿರ್ತಾಳ. ನನಗ ಆಟದಾಗ ಲಕ್ಷ್ಯ ಹತ್ತಂಗಿಲ್ಲ."

ನಾನು ಪಿನ್ನನ್ನು ಕಿಸೆಗೆ ಹಾಕಿಕೊಂಡೆ. ಸಿಟ್ಟು ಇನ್ನೂ ಇತ್ತು, ಆದರೆ ಯಾರ ಮೇಲೆ ಎಂದು ತಿಳಿಯದಾಯಿತು. ಮಗಳು ನೇರವಾಗಿ ಕಾಕುವಿನ ಮನೆಗೆ ಹೋಗಿ, ಅಜ್ಜಿಯ ಮುಂದೆ ಕೂತು, ತನಗೆ ಈ ಕಲಿಸುವವರು ಯಾಕೆ ಬೇಕು ಎಂದು ಹೇಳಿದಳಂತೆ. ಅತ್ತುಕರೆದು ಹಟ ಮಾಡಲಿಲ್ಲವಂತೆ. ಈ ಊರಲ್ಲಿ ತನ್ನ ತಪ್ಪು ತನಗೆ ತೋರಿಸುವವರು ಯಾರೂ ಇಲ್ಲ ಎಂದಷ್ಟೇ ಹೇಳಿದಳಂತೆ. ಅವ್ವ ಮನೆಗೆ ಬಂದು ಉಂಡು ಮಲಗಿದಳು.

ರವಿವಾರ ಮುಂಜಾನೆ ಸ್ನಾನ, ಪೂಜೆ ಮುಗಿಸಿ ಅವ್ವ ಮೇಲಿನ ಖೋಲಿಗೆ ಬಂದಳು. ಕೈಯಲ್ಲಿ ನನ್ನ ಕಟ್ಟೆಯ ಚದುರಂಗದ ಪೆಟ್ಟಿಗೆ.

"ಮೊದಲು ಯಾವ ಕಾಯಿ ನಡಸ್ತೀ?"

ಮಗಳು ಕಣ್ಣರಳಿಸಿದಳು. "ರಾಜನ ಮುಂದಿನ ಪ್ಯಾದಿ, ಆಯಿ."

"ಖರೇನ? ಆಮ್ಯಾಲೆ ಬದಲಾಸಂಗಿಲ್ಲ ನೋಡು."

"ಖರೇನ."

ಅವ್ವ ಬಿಳಿಯ ಪ್ಯಾದೆಯೊಂದನ್ನು ತೆಗೆದು, ಹೊಸ ಕರವಸ್ತ್ರದಲ್ಲಿ ಒಂದು ಹಿಡಿ ಅಕ್ಕಿ, ಒಂದು ಅಡಿಕೆಯ ಜೊತೆ ಇಟ್ಟು ಗಂಟು ಹಾಕಿದಳು. ಆಗ ನನಗೆ ಹೊಳೆಯಿತು. ಪ್ರಸ್ಥಾನ! ನಮ್ಮ ಕಡೆ ಹಳಬರಲ್ಲಿ ಒಂದು ಪದ್ಧತಿ ಇತ್ತು. ಊರಿಗೆ ಹೋಗಲೇಬೇಕಾದ ದಿನ ಘಳಿಗೆ ಚೆನ್ನಾಗಿಲ್ಲದಿದ್ದರೆ, ಅದಕ್ಕೆ ಮೊದಲೇ ಒಳ್ಳೆಯ ಹೊತ್ತು ನೋಡಿ ತಮ್ಮ ಗಂಟನ್ನು ನೆರೆಮನೆಯಲ್ಲಿ ಇಟ್ಟು ಬರುತ್ತಿದ್ದರು. ಗಂಟು ಹೊಸ್ತಿಲು ದಾಟಿತೆಂದರೆ ಪ್ರಯಾಣ ಅಲ್ಲಿಗೇ ಶುರುವಾದ ಲೆಕ್ಕ. ಆಮೇಲೆ ಮನುಷ್ಯ ಯಾವ ಹೊತ್ತಿಗೆ ಹೊರಟರೂ ದೋಷವಿಲ್ಲ. ಅವ್ವ ತವರಿಗೆ ಹೋಗುವಾಗ ಎಷ್ಟೋ ಸಲ ಹೀಗೆ ಮಾಡಿದ್ದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೆ.

ಅವಳು ಮೊಮ್ಮಗಳ ಕೈಯಿಂದಲೇ ಗಂಟು ಹೊರಿಸಿಕೊಂಡು ಕಾಕುವಿನ ಮನೆಗೆ ಹೋಗಿ, ಅವರ ದೇವರ ಮುಂದೆ ಇಡಿಸಿದಳು. ನಾವೆಲ್ಲ ಮೆರವಣಿಗೆಯಂತೆ ಹಿಂದೆ ಹೋದೆವು. ಕಾಕು ದೀಪ ಹಚ್ಚಿದಳು.

"ಆತು. ಆಟ ಸುರು ಆತು" ಎಂದಳು ಅವ್ವ. "ಇನ್ನ ಸಂಜೀಕ ಆಡೋದು ನಡುವಿಂದು. ನಡುವಿಂದಕ್ಕ ರಾಹು ಏನೂ ಮಾಡಂಗಿಲ್ಲ."

ಮನೆಗೆ ಬಂದು, ನಮ್ಮನ್ನು ಹೊರಗೆ ನಿಲ್ಲಿಸಿ, ತನ್ನ ಸಾಲು ಒತ್ತಿ ಕೀಲಿ ತೆರೆದಳು. ಅವತ್ತೊಂದು ದಿನದ ಗುರುತನ್ನು ಮಗಳು ತೆಗೆದಳು. ನಾನು ಅವ್ವನ ಕಾಲಿಗೆ ಬೀಳುವುದೊಂದು ಬಾಕಿ.

ಸಂಜೆ ಐದು ಎಂಬುದು ಬರಲೊಲ್ಲದು. ನಾನು ಪಡಸಾಲೆಯಲ್ಲಿ ರೌಟರಿನ ಮುಂದೆ ಕಾವಲು ಕೂತೆ. ಅದರ ಹಸಿರು ದೀಪಗಳು ಮಿಣುಕುತ್ತಿದ್ದವು. ಮಿಕ್ಸರ್ ಹಚ್ಚಬೇಡಿ, ಟಿ.ವಿ. ಹಚ್ಚಬೇಡಿ, ಜೋರಾಗಿ ನಡೆಯಬೇಡಿ ಎಂದು ಎಲ್ಲರನ್ನೂ ಗದರಿದೆ. ನಡೆದರೆ ಏನಾಗುತ್ತದೆ ಎಂದು ಹೆಂಡತಿ ಕೇಳಿದಳು. ನನಗೂ ಗೊತ್ತಿರಲಿಲ್ಲ. ಮೇಲೆ ಮಗಳು ರಾಜನ ಮುಂದಿನ ಪ್ಯಾದೆ ನಡೆಸಿದಳು. ಹೆಂಡತಿ ಮೆಟ್ಟಿಲ ಮೇಲೆ ನಿಂತು ಪ್ರತಿ ನಡೆಯನ್ನೂ ಕೆಳಗೆ ದಾಟಿಸುತ್ತಿದ್ದಳು. ಅವ್ವ ನೆಲದ ಮೇಲೆ ಹಾಸು ಹರಡಿ, ನಾನು ಹೇಳಿದಂತೆ ಕಾಯಿ ಸರಿಸುತ್ತಿದ್ದಳು. ಪ್ರಸ್ಥಾನಕ್ಕೆ ಹೋದ ಪ್ಯಾದೆಯ ಜಾಗದಲ್ಲಿ ಒಂದು ಗೋಟಡಿಕೆ ಇಟ್ಟಿದ್ದಳು.

ಅರ್ಧ ಆಟವಾಗಿರಬೇಕು. ಟೆಲಿಫೋನು ಬಾರಿಸಿತು. ಹಾಳಾದ ಟೆಲಿಫೋನು! ಎಲ್ಲವನ್ನೂ ಬಂದೋಬಸ್ತು ಮಾಡಿದ ನಾನು ಅದನ್ನೇ ಮರೆತಿದ್ದೆ. ಒಂದು ಸಲ ಬಾರಿಸಿತು, ಎರಡು ಸಲ ಬಾರಿಸಿತು, ಅಷ್ಟರಲ್ಲಿ ಪಕ್ಕದ ರೌಟರಿನ ಲೈನಿನ ದೀಪ ಆರಿಹೋಯಿತು.

"ಹೋತು!" ಮೇಲಿಂದ ಮಗಳ ಚೀರು. "ಪಪ್ಪಾ, ನನ್ನ ಗಡಿಯಾರ ಓಡಾಕತ್ತೈತಿ!"

ರಿಸೀವರ್ ಎತ್ತಿ, "ಆಮ್ಯಾಲೆ ಮಾಡ್ರಿ! ಮನ್ಯಾಗ ಎಲ್ಲಾರೂ ಆರಾಮದೀವಿ!" ಎಂದು ಕೂಗಿ ಇಟ್ಟೆ. ಉಪ್ಪಿನಕಾಯಿ ಕಳಿಸುವ ವಿಚಾರ ಹೇಳಲು ಫೋನು ಮಾಡಿದ್ದ ಹೆಂಡತಿಯ ಅಕ್ಕ ಆಮೇಲೆ ಬಹಳ ದಿನ ಮಾತು ಬಿಟ್ಟಿದ್ದಳು. ಕತ್ತಲಾದ ಆ ದೀಪದ ಮುಂದೆ ನಾನು ಬಗ್ಗಿ ಕೂತೆ. ನಡುವೆ ಮಾಯವಾಗುವವರಿಗೆ ಕಲಿಸುವುದಿಲ್ಲ ಎಂದವರು ಆ ಕಡೆ ಕೂತಿದ್ದಾರೆ. ಅವ್ವ ಕಣ್ಣು ಮುಚ್ಚಿಕೊಂಡಿದ್ದಳು, ಅವಳ ತುಟಿ ಅಲುಗುತ್ತಿತ್ತು. ದೀಪ ಒಮ್ಮೆ ಮಿಣುಕಿತು. ಮತ್ತೆ ಮಿಣುಕಿತು. ಹಸಿರಾಗಿ ನಿಂತಿತು.

"ಬಂತು!"

ನಾನು ಕೂತಲ್ಲೇ ಚಪ್ಪಾಳೆ ತಟ್ಟಿಬಿಟ್ಟೆ. ಹೆಂಡತಿ ಮೆಟ್ಟಿಲ ಮೇಲಿಂದ ಬಾಯಿಗೆ ಬೆರಳಿಟ್ಟು ಸುಮ್ಮನಿರಲು ಸನ್ನೆ ಮಾಡಿದಳು. ಅವಳ ಕಣ್ಣೂ ಒದ್ದೆಯಾಗಿತ್ತು.

ಆಟ ಕತ್ತಲಾಗುವವರೆಗೂ ನಡೆಯಿತು. ಕೆಳಗೆ ಅವ್ವನ ಹಾಸಿನ ಮೇಲೆ ಬಿಳಿಯ ಕಾಯಿಗಳು ಕಡಿಮೆಯಾಗುತ್ತ ಬಂದವು. ಆಟ ಎಲ್ಲಿಗೆ ಬಂತೆಂದು ನಮಗೆ ತಿಳಿಯುತ್ತಿತ್ತು. ಕೊನೆಗೆ ಮೇಲೆ ಕುರ್ಚಿ ಸರಿದ ಸಪ್ಪಳ. ಮಗಳು ನಿಧಾನವಾಗಿ ಇಳಿದು ಬಂದಳು.

"ಸೋತೆ."

ಆದರೆ ಅವಳ ಮುಖ ಸೋತವರ ಮುಖದಂತಿರಲಿಲ್ಲ.

"ಎಲ್ಲಿ ತಪ್ಪಿದೆ ಅಂತ ತೋರಿಸಿದ್ರು ಪಪ್ಪಾ. ಒಂಟಿ ನಡಸಿದ್ನಲ್ಲ, ಅಲ್ಲೇ. ನನಗ ಕಂಡಿರಲೇ ಇಲ್ಲ. ಲೈನ್ ಹೋದಾಗ ಕಾದ್ರಂತ. ವಾಪಸ್ ಬಂದು ಕೊನಿತನಾ ಕೂತ್ನಲ್ಲ, ಅದು ಅವರಿಗೆ ಛಲೋ ಅನಸೇತಿ. ಕಲಿಸ್ತೇನಿ ಅಂದ್ರು!"

ಹೆಂಡತಿ ಓಡಿ ಬಂದು ಅವಳನ್ನು ಅಪ್ಪಿಕೊಂಡಳು. ನಾನು ಗಟ್ಟಿಯಾಗಿ ನಕ್ಕೆ, ಅತ್ತೆ, ಎರಡೂ ಒಟ್ಟಿಗೆ ಆಯಿತು. ಕಾಕು ಬೇಲಿಯ ಆಚೆಯಿಂದ ಏನಾಯಿತೆಂದು ಕೂಗುತ್ತಿದ್ದಳು. ಆಗ ಮಗಳು ದನಿ ಇಳಿಸಿ ಅಜ್ಜಿಯ ಕಡೆ ನೋಡಿದಳು.

"ಆದ್ರ ಆಯೀ… ಪ್ರತಿ ರವಿವಾರ ಅಂದಾರ. ಇದೇ ಹೊತ್ತಿಗೆ."

ವಾರ ವಾರವೂ ಪ್ರಸ್ಥಾನ ಇಡಲು ಬರುತ್ತದೆಯೇ, ಶಾಸ್ತ್ರ ಏನನ್ನುತ್ತದೆ, ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವ್ವ ಹಾಸಿನ ಮೇಲಿನ ಕಾಯಿಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕಿದಳು. ಆಮೇಲೆ ಮೊಣಕಾಲಿಗೆ ಕೈಯೂರಿ ಎದ್ದಳು.

"ರಾಹು ಏಳೂ ದಿನ ಬರ್ತಾನ. ಕಲಿಸಾವ್ರು ಒಂದು ದಿನ ಬರ್ತಾರ. ರವಿವಾರದ್ದು ತಗದಬಿಡೂಣು, ಕಾಯಂ."

ಅವಳು ಮೆಟ್ಟಿಲು ಹತ್ತಿದಳು, ಹಿಂದೆ ನಾವು. ಲ್ಯಾಪ್‌ಟಾಪಿನ ಮುಂದೆ ಕೂತು, ಈ ಸಲ ಯಾರನ್ನೂ ಹೊರಗೆ ಕಳಿಸಲಿಲ್ಲ. ಮೊಮ್ಮಗಳನ್ನು ಪಕ್ಕಕ್ಕೆ ಕರೆದು, ಅವಳ ತೋರುಬೆರಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡು, ಗುಂಡಿಗಳ ಮೇಲೆ ಆ ಸಾಲನ್ನು ಮೆಲ್ಲಗೆ ಒತ್ತಿಸತೊಡಗಿದಳು.

"ಅತ್ತೀ, ಆಕಿಗೇ ಕೊಡ್ತೀರಾ?" ಹೆಂಡತಿ ಗಾಬರಿಯಾಗಿ ಕೇಳಿದಳು.

"ಆಕಿ ಪಿನ್ ಹಿಡದಾವನ ಕೈ ಹಿಡದಾಳವಾ. ಆಕಿಗಲ್ಲದ ಮತ್ಯಾರಿಗೆ ಕೊಡ್ಲಿ?"

ಅವಳಿಗೆ ಅದು ಹೇಗೆ ತಿಳಿಯಿತೋ ನಾನು ಕೇಳಲಿಲ್ಲ. ಮಗಳ ಬೆರಳು ನಡುವೆ ಒಂದು ಕಡೆ ತಪ್ಪಿತು. ಅವ್ವ ಎಲ್ಲವನ್ನೂ ಅಳಿಸಿ, ಕೈ ಹಿಡಿದು, ಮತ್ತೆ ಮೊದಲಿನಿಂದ ಒತ್ತಿಸಿದಳು.